ಯಾರ ಪೈಕಿ?

೨೦೨೫ನೆಯ ಇಸವಿಯ ಕಾರ್ತಿಕ ಮಾಸದ ಒಂದು ಶನಿವಾರ. ಹರಿಹರದ ಬಸ್ ನಿಲ್ದಾಣದಿಂದ ನಮ್ಮೂರಾದ ಕೊಕ್ಕನೂರಿಗೆ ಹೊರಟಿದ್ದೆ. ಶನಿವಾರ ನಮ್ಮೂರ ಆಂಜನೇಯಸ್ವಾಮಿಯ ದಿನವಾದ್ದರಿಂದ ಬಸ್ಸಿನಲ್ಲಿ ಕಾಲಿಡಲು ಸ್ಥಳವಿರಲಿಲ್ಲ. ನನ್ನ ಜೊತೆಯಲ್ಲಿ ಬಿ. ಎ. ತರಗತಿಯ ನನ್ನ ವಿದ್ಯಾರ್ಥಿಯೊಬ್ಬನಿದ್ದ. ದೀಪಾವಳಿಗೆ ಊರಿಗೆ ಹೋಗಿ ಬಂದಿದ್ದ ಹುಡುಗ. ಕೊಠಡಿಯಲ್ಲಿ ಒಬ್ಬನೇ ಕುಳಿತಿರುವುದು ಬೇಡವೆಂದು ಊಟಕ್ಕೆ ಕರೆದುಕೊಂಡು ಹೊರಟಿದ್ದೆ. ಕಂಡಕ್ಟರು ನಮ್ಮ ಬಳಿಗೆ ಬಂದವರು ನನ್ನನ್ನು ಬಿಟ್ಟು ಆ ಹುಡುಗನ ಮುಖವನ್ನೇ ನೋಡಿದರು. ಅವನ ಮೈಬಣ್ಣ, ಗುಂಗುರು ಕೂದಲು, ತುಂಬು ತುಟಿ ಇವುಗಳಿಂದ ಅವರಿಗೊಂದು ಕುತೂಹಲ ಹುಟ್ಟಿತು. “ಯಾವ ಕಂಟ್ರಿ? ನೈಜೀರಿಯಾನಾ? ಸೋಮಾಲಿಯಾನಾ?” ಎಂದು ಕೇಳಿದರು.

ಹುಡುಗ ಸ್ವಲ್ಪವೂ ಕಸಿವಿಸಿಪಡಲಿಲ್ಲ. “ಯಲ್ಲಾಪುರ, ಅಣ್ಣಾ. ಎರಡು ಕೊಕ್ಕನೂರು ಕೊಡ್ರಿ” ಎಂದ.

ಸುತ್ತಲಿದ್ದವರು ನಕ್ಕರು. ಕಂಡಕ್ಟರೂ ನಕ್ಕರು. ಆ ನಗುವಿನಲ್ಲಿ ಕೆಡುಕು ಇರಲಿಲ್ಲ. ಆದರೆ ನನಗೆ ನಗು ಬರಲಿಲ್ಲ. ಅದಕ್ಕೆ ಕಾರಣ ಕಂಡಕ್ಟರಲ್ಲ, ನಾನೇ. ಎರಡು ವರ್ಷಗಳ ಹಿಂದೆ ಮೊದಲ ದಿನದ ತರಗತಿಯಲ್ಲಿ ಈ ಹುಡುಗ ಎದ್ದು ನಿಂತು ತನ್ನ ಹೆಸರು ಹೇಳಿದಾಗ, ಕನ್ನಡದ ಅಧ್ಯಾಪಕನಾದ ನಾನು ಎಲ್ಲರೆದುರಿಗೆ, “ಪರವಾಗಿಲ್ಲವೆ! ಕನ್ನಡ ಬಹಳ ಚೆನ್ನಾಗಿ ಮಾತನಾಡುತ್ತೀಯಲ್ಲ!” ಎಂದು ಹೊಗಳಿದ್ದೆ. ಅವನು ಒಂದು ಕ್ಷಣ ಸುಮ್ಮನಿದ್ದು, “ಒಂದನೆಯ ಇಯತ್ತೆಯಿಂದ ಕನ್ನಡ ಶಾಲೆಯೇ ಸರ್” ಎಂದಿದ್ದ. ತರಗತಿಯ ಉಳಿದ ಐವತ್ತು ಮಕ್ಕಳಲ್ಲಿ ಒಬ್ಬರನ್ನಾದರೂ ನಾನು ಹಾಗೆ ಹೊಗಳಿರಲಿಲ್ಲ. ಮನೆಯಲ್ಲಿ ತೆಲುಗನ್ನೋ ಉರ್ದುವನ್ನೋ ಲಂಬಾಣಿಯನ್ನೋ ಆಡುವ ಮಕ್ಕಳು ಆ ತರಗತಿಯಲ್ಲಿ ಬೇಕಾದಷ್ಟು ಮಂದಿ ಇದ್ದರು. ಹೊಗಳಿಕೆಯೂ ಒಬ್ಬನನ್ನು ಹೊರಗೆ ನಿಲ್ಲಿಸಬಲ್ಲದೆಂಬುದು ನನಗೆ ಅಂದು ಹೊಳೆಯಲಿಲ್ಲ.

ಈ ಹುಡುಗ ಸಿದ್ದಿ. ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡ, ಶಿರಸಿ ಮೊದಲಾದ ತಾಲ್ಲೂಕುಗಳ ಕಾಡಿನಂಚಿನಲ್ಲಿಯೂ, ಧಾರವಾಡ ಬೆಳಗಾವಿ ಜಿಲ್ಲೆಗಳ ಕೆಲವು ಹಳ್ಳಿಗಳಲ್ಲಿಯೂ ನೆಲೆಸಿರುವ ಜನ ಇವರು. ಇವರ ಪೂರ್ವಿಕರಲ್ಲಿ ಬಹುಮಂದಿ ಆಫ್ರಿಕದ ಪೂರ್ವ ಕರಾವಳಿಯಿಂದ, ಅದರಲ್ಲಿಯೂ ಇಂದು ಮೊಜಾಂಬಿಕ್ ಎನಿಸಿಕೊಳ್ಳುವ ನಾಡಿನಿಂದ, ಪೋರ್ಚುಗೀಸರ ಹಡಗುಗಳಲ್ಲಿ ಗುಲಾಮರಾಗಿ ಗೋವೆಗೆ ಬಂದವರು. ಒಡೆಯರಿಂದ ತಪ್ಪಿಸಿಕೊಂಡವರಿಗೂ ಬಿಡುಗಡೆ ಹೊಂದಿದವರಿಗೂ ಘಟ್ಟದ ದಟ್ಟ ಕಾಡು ಆಶ್ರಯವಾಯಿತು. ಮುಂದೆ ಅವರು ಅಡಕೆ ತೋಟಗಳಲ್ಲಿ ಕೂಲಿಗಳಾದರು, ಕಾಡಿನ ಹುಟ್ಟುವಳಿ ತಂದು ಮಾರಿದರು, ಸಣ್ಣ ಗದ್ದೆಗಳನ್ನು ಮಾಡಿಕೊಂಡರು.

ಇದು ಕಾಡಿನ ಕಥೆ. ಇದೇ ನೆಲದಲ್ಲಿ ಅರಮನೆಯ ಕಥೆಯೂ ಉಂಟು. ಇತಿಯೋಪಿಯದಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ಮಾರಾಟವಾಗಿ, ಕೈಯಿಂದ ಕೈಗೆ ದಾಟಿ ದಖನಿಗೆ ಬಂದ ಮಲಿಕ್ ಅಂಬರ್ ಅಹಮದನಗರದ ರಾಜ್ಯಸೂತ್ರವನ್ನೇ ಹಿಡಿದು, ೧೬೨೬ರಲ್ಲಿ ತೀರಿಕೊಳ್ಳುವವರೆಗೂ ಮೊಗಲರನ್ನು ತಡೆದು ನಿಲ್ಲಿಸಿದ. ನಮ್ಮ ವಿಜಾಪುರದಲ್ಲಿ ಎರಡನೆಯ ಇಬ್ರಾಹಿಂ ಆದಿಲಶಾಹನು ಬಾಲಕನಾಗಿದ್ದಾಗ ಕೆಲವು ವರ್ಷ ಆಡಳಿತ ನಡೆಸಿದವನು ದಿಲಾವರ್ ಖಾನನೆಂಬ ಹಬಶಿ. ಮಹಮ್ಮದ್ ಆದಿಲಶಾಹನ ಮಂತ್ರಿಯಾಗಿದ್ದ ಇಖ್ಲಾಸ್ ಖಾನನೂ ಹಬಶಿಯೇ. ವಿಜಾಪುರದ ಚಿತ್ರಕಾರರು ಬರೆದ ಅವನ ಚಿತ್ರಗಳು ಇಂದಿಗೂ ಉಳಿದಿವೆ. ಆದಿಲಶಾಹಿ ಚರಿತ್ರೆಯನ್ನು ಓದುವಾಗ ಈ ಹೆಸರುಗಳನ್ನು ನಾವು ಪರಕೀಯರ ಹೆಸರುಗಳೆಂದು ಎಣಿಸುವುದಿಲ್ಲ. ಕುದುರೆಯ ಮೇಲೆ ಬಂದವನು ನಮ್ಮ ಚರಿತ್ರೆಯೊಳಗಿನವನಾದ. ಕೂಲಿಯಾಗಿ ಬಂದವನು ಇಂದಿಗೂ ಬಸ್ಸಿನಲ್ಲಿ ಪರದೇಶಿ. ಬೆರಕೆಯನ್ನು ಒಪ್ಪುವುದೂ ಬಿಡುವುದೂ ಎಷ್ಟೋ ವೇಳೆ ರಕ್ತಕ್ಕಿಂತ ಹೆಚ್ಚಾಗಿ ಅಂತಸ್ತಿನ ಮಾತಾಗಿರುತ್ತದೆ.

ರಕ್ತದ ಮಾತು ಬಂದದ್ದರಿಂದ ಅದನ್ನೂ ಹೇಳಿಬಿಡುವುದು ಒಳ್ಳೆಯದು. ಹೈದರಾಬಾದಿನ ಕೋಶ ಮತ್ತು ಅಣುಜೀವ ವಿಜ್ಞಾನ ಕೇಂದ್ರದ ವಿಜ್ಞಾನಿಗಳೂ ಅವರ ಸಂಗಡಿಗರೂ ಕರ್ನಾಟಕ ಮತ್ತು ಗುಜರಾತಿನ ಸಿದ್ದಿಯರ ವಂಶವಾಹಿಗಳನ್ನು ಪರೀಕ್ಷಿಸಿ ೨೦೧೧ರಲ್ಲಿ ತಮ್ಮ ನಿರ್ಣಯಗಳನ್ನು ಪ್ರಕಟಿಸಿದರು. ಸಿದ್ದಿಯರಲ್ಲಿ ಬಹುಪಾಲು ಬಂಟು ನುಡಿಗಳನ್ನಾಡುವ ಆಫ್ರಿಕನರ ಅಂಶ; ಮಿಕ್ಕದ್ದು ಭಾರತೀಯ ಮತ್ತು ಪ್ರಾಯಶಃ ಐರೋಪ್ಯ ಅಂಶ. ಈ ಕೂಡುವಿಕೆ ನಡೆದು ಸುಮಾರು ೨೦೦ ವರ್ಷಗಳಾಗಿವೆ. ಎಂದರೆ ಸಿದ್ದಿ ಎಂಬವನು ಆಫ್ರಿಕದಿಂದ ಬಂದು ಇಲ್ಲಿ ಹಾಗೆಯೇ ಉಳಿದವನಲ್ಲ, ಇಲ್ಲಿಯೇ ಆದವನು. ಆಫ್ರಿಕದಲ್ಲಿ ಸಿದ್ದಿ ಎಂಬ ಜನಾಂಗವಿಲ್ಲ. ಅವನನ್ನು ಹಿಂದಕ್ಕೆ ಕಳುಹಿಸಬೇಕೆಂದರೂ ಕಳುಹಿಸತಕ್ಕ ಸ್ಥಳ ಭೂಪಟದಲ್ಲಿ ಯಲ್ಲಾಪುರದ ಆಚೆಗೆ ಎಲ್ಲಿಯೂ ಇಲ್ಲ.

ಅಂದಿನ ಬಸ್ಸಿನಲ್ಲಿ ಕೇಳಿದ ಸೋಮಾಲಿಯ ಎಂಬ ಹೆಸರು ನನ್ನ ಮನಸ್ಸಿನಿಂದ ಹೋಗಲಿಲ್ಲ. ಆ ದೇಶದ ವಿಷಯವಾಗಿ ಸಿಕ್ಕಿದ್ದನ್ನು ಓದತೊಡಗಿದೆ. ಓದಿದಾಗ ತಿಳಿದುಬಂದ ಸಂಗತಿ ಕಂಡಕ್ಟರು ಊಹಿಸಿದುದಕ್ಕಿಂತ ವಿಚಿತ್ರವಾದುದು. ಸೋಮಾಲಿಗಳು ಒಂದೇ ಭಾಷೆ, ಒಂದೇ ಮತ, ಒಂದೇ ಜನಾಂಗವೆಂದು ಬಹುಕಾಲ ಹೊಗಳಿಸಿಕೊಂಡವರು. ಆದರೆ ಹತ್ತೊಂಬತ್ತನೆಯ ಶತಮಾನದಲ್ಲಿ ಅರಬ್ ವರ್ತಕರು ಮೊಜಾಂಬಿಕ್ ತಾಂಜಾನಿಯ ಕಡೆಗಳಿಂದ ಬಂಟು ಜನರನ್ನು ಗುಲಾಮರಾಗಿ ಹಿಡಿದು ಸೋಮಾಲಿಯದ ಕರಾವಳಿಗೂ ಸಾಗಿಸಿದರು. ಷಬೆಲ್ಲೆ, ಜುಬ್ಬಾ ನದಿಗಳ ಬಯಲಿನಲ್ಲಿ ಅವರಿಂದ ಬೇಸಾಯ ಮಾಡಿಸಿದರು. ಅವರ ಮಕ್ಕಳು ಮೊಮ್ಮಕ್ಕಳು ಸೋಮಾಲಿ ಮಾತನ್ನೇ ಕಲಿತರು, ಇಸ್ಲಾಂ ಮತವನ್ನೇ ಹಿಡಿದರು. ಆದರೂ ಅವರ ಹೆಸರು ‘ಜರೀರ್’ ಎಂದೇ ಉಳಿಯಿತು. ಜರೀರ್ ಎಂದರೆ ಬಿರುಸು ಕೂದಲಿನವರು. ನಮ್ಮ ಸಿದ್ದಿಯರಿಗೂ ಅವರಿಗೂ ತವರು ಹೆಚ್ಚುಕಡಿಮೆ ಒಂದೇ. ಒಂದು ಹಡಗು ಪೂರ್ವಕ್ಕೆ ತಿರುಗಿತು, ಇನ್ನೊಂದು ಉತ್ತರಕ್ಕೆ, ಅಷ್ಟೆ. ಹಾಗೆ ನೋಡಿದರೆ ನನ್ನ ವಿದ್ಯಾರ್ಥಿ ಸೋಮಾಲಿಯಕ್ಕೆ ಹೋದರೆ, ಅಲ್ಲಿಯ ಬಸ್ಸಿನವನೂ ಅವನ ಕೂದಲನ್ನು ನೋಡಿ, ನೀನು ಹೊರಗಿನವನು ಎಂದೇ ಹೇಳುತ್ತಿದ್ದನೋ ಏನೋ!

ಸೋಮಾಲಿ ಸಮಾಜದಲ್ಲಿ ಮನುಷ್ಯನ ನೆಲೆಯನ್ನು ನಿರ್ಣಯಿಸುವುದು ಕುಲ. ತಂದೆ, ತಂದೆಯ ತಂದೆ ಎಂದು ಹೆಸರುಗಳನ್ನು ಮೇಲಕ್ಕೆ ಎಣಿಸುತ್ತ ಹೋಗಿ ಮೂಲಪುರುಷನನ್ನು ಮುಟ್ಟುವುದು. ಹಾಗೆ ಎಣಿಸಲಾರದವನಿಗೆ ಕಷ್ಟಕಾಲದಲ್ಲಿ ಬೆನ್ನಿಗೆ ನಿಲ್ಲುವವರಿಲ್ಲ. ೧೯೯೧ರಲ್ಲಿ ಸರ್ಕಾರ ಕುಸಿದು ಅಂತರ್ಯುದ್ಧ ಹೊತ್ತಿಕೊಂಡಾಗ ಕುಲದ ಆಸರೆಯಿಲ್ಲದ ಈ ಬೇಸಾಯಗಾರರೇ ಮೊದಲು ಸುಲಿಗೆಗೆ ಸಿಕ್ಕಿದರು. ಸಾವಿರಾರು ಮಂದಿ ಕೀನ್ಯದ ನಿರಾಶ್ರಿತರ ಶಿಬಿರಗಳಿಗೆ ಓಡಿದರು. ಅವರಲ್ಲಿ ಸುಮಾರು ೧೨,೦೦೦ ಮಂದಿಯನ್ನು ೨೦೦೩ರಿಂದ ಮೊದಲುಗೊಂಡು ಅಮೆರಿಕ ತನ್ನಲ್ಲಿಗೆ ಕರೆಸಿಕೊಂಡಿತು. ೨೦೦೦ದಲ್ಲಿ ಜಿಬೂತಿ ದೇಶದ ಆರ್ತಾ ಎಂಬಲ್ಲಿ ಸೇರಿದ ಸಂಧಾನ ಸಭೆ ಸೋಮಾಲಿಯದ ಶಾಸನಸಭೆಯ ಸ್ಥಾನಗಳನ್ನು ಹಂಚುವುದಕ್ಕೆ ಒಂದು ಸೂತ್ರವನ್ನು ಅಂಗೀಕರಿಸಿತು. ಅದರ ಹೆಸರು ‘ನಾಲ್ಕೂವರೆ’. ನಾಲ್ಕು ದೊಡ್ಡ ಕುಲಗಳಿಗೆ ಒಂದೊಂದು ಸಮಪಾಲು. ಬಂಟು ಜನರನ್ನೂ, ಮೊಗಾದಿಶು ಕರಾವಳಿಯ ಅರಬ್ ಪಾರಸಿಕ ಬೆರಕೆಯ ಬನಾದಿರಿ ಮೊದಲಾದವರನ್ನೂ ಒಟ್ಟಿಗೆ ಸೇರಿಸಿ ಮಿಕ್ಕವರೆಲ್ಲರಿಗೂ ಅರ್ಧ ಪಾಲು. ಯುದ್ಧವನ್ನು ನಿಲ್ಲಿಸಲು ಮಾಡಿದ ಲೆಕ್ಕ ಅದು. ಅದರ ಹಿಂದಿನ ಸದುದ್ದೇಶವನ್ನು ಅಲ್ಲಗಳೆಯುವಂತಿಲ್ಲ. ಆದರೂ ಒಂದು ರಾಷ್ಟ್ರ ತನ್ನ ಪ್ರಜೆಗಳಲ್ಲಿ ಕೆಲವರಿಗೆ ‘ನೀವು ಅರ್ಧ’ ಎಂದು ಬರೆದು ಕೊಡುವುದನ್ನು ಓದಿದಾಗ ಮನಸ್ಸು ಕಲಕದೆ ಇರುವುದಿಲ್ಲ.

ಅವರಿಗಿಂತ ನಾವು ಮೇಲು ಎಂದು ಬೀಗುವುದಕ್ಕಾಗಿ ಇದನ್ನು ಬರೆಯುತ್ತಿಲ್ಲ. ನಮ್ಮ ಲೆಕ್ಕದ ಪುಸ್ತಕವನ್ನೂ ತೆರೆದು ನೋಡೋಣ. ಉತ್ತರ ಕನ್ನಡದ ಸಿದ್ದಿಯರನ್ನು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿಸಿದ್ದು ೨೦೦೩ರಲ್ಲಿ. ಗಣರಾಜ್ಯವಾಗಿ ಅರ್ಧ ಶತಮಾನ ಕಳೆದ ಮೇಲೆ. ಧಾರವಾಡ, ಬೆಳಗಾವಿ ಜಿಲ್ಲೆಗಳ ಸಿದ್ದಿಯರು ಸೇರಿದ್ದು ೨೦೨೦ರಲ್ಲಿ. ಅದೇ ೨೦೨೦ರಲ್ಲಿ ಶಾಂತಾರಾಮ ಬುಡ್ನಾ ಸಿದ್ದಿಯವರು ನಮ್ಮ ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಸಿದ್ದಿಯೊಬ್ಬರು ಶಾಸಕರಾದದ್ದು ಅದೇ ಮೊದಲು. ಇವೆಲ್ಲ ಸಂತೋಷಪಡತಕ್ಕ ಸಂಗತಿಗಳೇ. ಆದರೆ ಪಟ್ಟಿಯಲ್ಲಿ ಸಿದ್ದಿ ಎಂಬ ಹೆಸರಿನ ಜೊತೆಗೆ ಜಿಲ್ಲೆಯ ಹೆಸರೂ ಇದೆಯೆಂಬುದನ್ನು ಗಮನಿಸಬೇಕು. ಕಾನೂನಿನ ಕಣ್ಣಿಗೆ ಒಬ್ಬನು ಸಿದ್ದಿಯೆ ಅಲ್ಲವೆ ಎಂಬುದು ಅವನ ಹಿರಿಯರ ಮನೆ ಯಾವ ಜಿಲ್ಲೆಯ ಗಡಿಯೊಳಗೆ ನಿಂತಿತ್ತು ಎಂಬುದನ್ನು ಅವಲಂಬಿಸುತ್ತದೆ. ಕಾಡಿಗೆ ಓಡಿಬಂದವರು ಜಿಲ್ಲೆಯ ಗಡಿಗಳನ್ನು ನೋಡಿಕೊಂಡು ಓಡಲಿಲ್ಲವಷ್ಟೆ!

ಒಂದು ವಿಷಯದಲ್ಲಿ ಮಾತ್ರ ನಮ್ಮ ಕಾನೂನು ಈ ಬೆರಕೆಗೆ ಉದಾರವಾಗಿ ನಡೆದುಕೊಂಡಿದೆ. ಪರಿಶಿಷ್ಟ ಜಾತಿಯವರ ವಿಷಯದಲ್ಲಿ ೧೯೫೦ರ ಆಜ್ಞೆ ಮತದ ಕಟ್ಟು ಹಾಕಿತು. ಪರಿಶಿಷ್ಟ ಪಂಗಡಕ್ಕೆ ಆ ಕಟ್ಟಿಲ್ಲ. ಸಿದ್ದಿಯರಲ್ಲಿ ಹಿಂದೂಗಳುಂಟು, ಕ್ರೈಸ್ತರುಂಟು, ಮುಸಲ್ಮಾನರುಂಟು. ಮೂವರೂ ಒಂದೇ ಕಾಗದಕ್ಕೆ ಅರ್ಹರು. ೧೯೭೬ರಲ್ಲಿ ಇವರನ್ನು ಕುರಿತು ಪುಸ್ತಕ ಪ್ರಕಟಿಸಿದ ಮಾನವಶಾಸ್ತ್ರಜ್ಞ ಟಿ. ಸಿ. ಪಾಲಾಕ್ಷಪ್ಪನವರಿಂದ ಮೊದಲುಗೊಂಡು ಈ ಜನರ ನಡುವೆ ಓಡಾಡಿದ ವಿದ್ವಾಂಸರು ಈ ಮೂರು ಮತಗಳ ವಿಷಯವನ್ನು ವಿಚಾರಿಸುತ್ತಲೇ ಬಂದಿದ್ದಾರೆ. ಮತ ಮೂರಾದರೂ ಹೆಸರಿನ ಕೊನೆಗೆ ಸಿದ್ದಿ ಎಂಬುದೊಂದೇ. ಡಮಾಮಿಯ ಬಡಿತ ಕೇಳಿದರೆ ಮೂರು ಮತದವರ ಕಾಲುಗಳೂ ಕುಣಿಯುತ್ತವೆ.

ಹೊರಗಿನ ನಮಗಾದರೋ ಅವರ ಆಫ್ರಿಕ ನಮಗೆ ಬೇಕಾದಾಗ ಮಾತ್ರ ನೆನಪಿಗೆ ಬರುತ್ತದೆ. ಭಾರತ ಕ್ರೀಡಾ ಪ್ರಾಧಿಕಾರ ೧೯೮೭ರಲ್ಲಿ ಸಿದ್ದಿ ಮಕ್ಕಳನ್ನು ಆರಿಸಿ ಓಟಗಾರರನ್ನಾಗಿ ತಯಾರು ಮಾಡುವ ಯೋಜನೆಯೊಂದನ್ನು ಹೂಡಿತು. ಆಫ್ರಿಕದ ಮೈಕಟ್ಟಿನಿಂದ ದೇಶಕ್ಕೆ ಪದಕ ಬಂದೀತೆಂಬ ಆಸೆ ಅದರ ಹಿಂದೆ ಇತ್ತು. ಕೆಲವರು ಗೆದ್ದರು, ಹೆಸರು ಮಾಡಿದರು. ಕೆಲವು ವರ್ಷಗಳಲ್ಲಿ ಯೋಜನೆ ನಿಂತಿತು. ಮಕ್ಕಳು ಊರಿಗೆ ಮರಳಿದರು. ಅದೇ ದಶಕದಲ್ಲಿ ಮಂಚಿಕೇರಿಯ ಸಿದ್ದಿಯರನ್ನು ಕೂಡಿಸಿ ನೀನಾಸಮಿನ ಚಿದಂಬರರಾವ್ ಜಂಬೆಯವರು ಚಿನುವಾ ಅಚಿಬೆಯ ‘ಥಿಂಗ್ಸ್ ಫಾಲ್ ಅಪಾರ್ಟ್’ ಕಾದಂಬರಿಯನ್ನು ‘ಕಪ್ಪು ಜನ ಕೆಂಪು ನೆರಳು’ ಎಂದು ಕನ್ನಡ ರಂಗಕ್ಕೆ ತಂದರು. ಅದು ನಿಜವಾಗಿಯೂ ದೊಡ್ಡ ಕೆಲಸ. ಕಾಡಿನ ಮಕ್ಕಳಿಗೆ ರಂಗದ ಬಾಗಿಲು ತೆರೆದ ಕೆಲಸ. ಆದರೆ ಅಚಿಬೆಯ ಇಗ್ಬೊ ನಾಡು ಆಫ್ರಿಕದ ಪಶ್ಚಿಮದಲ್ಲಿದೆ, ಮೊಜಾಂಬಿಕ್ ಪೂರ್ವದಲ್ಲಿದೆ. ಇವೆರಡರ ನಡುವೆ ಸಾವಿರಾರು ಮೈಲಿಗಳ ಅಂತರ. ಆ ನಾಟಕದಲ್ಲಿ ಸಿದ್ದಿಯರದೇ ಕಥೆ ಯಾವುದೆಂದು ಕೇಳಿದರೆ, ಇಗ್ಬೊ ಜನರ ಆಚಾರವಲ್ಲ, ಅವರು ಆಡಿದ ಕನ್ನಡ ಎಂದು ನಾನು ಹೇಳುತ್ತೇನೆ.

ಈಗ ಪ್ರಸ್ತುತಕ್ಕೆ ಬರುತ್ತೇನೆ. ೨೦೨೫ರ ಸೆಪ್ಟೆಂಬರಿನಲ್ಲಿ ನಮ್ಮ ರಾಜ್ಯದ ಹಿಂದುಳಿದ ವರ್ಗಗಳ ಆಯೋಗ ಮನೆಮನೆಯ ಸಾಮಾಜಿಕ ಶೈಕ್ಷಣಿಕ ಸಮೀಕ್ಷೆಯನ್ನು ತೊಡಗಿತು. ನಮ್ಮ ಶಿಕ್ಷಕ ಬಂಧುಗಳೇ ಪ್ರಶ್ನಾವಳಿ ಹಿಡಿದು ಮನೆಗಳ ಬಾಗಿಲು ತಟ್ಟಿದರು. ೨೦೨೭ರ ರಾಷ್ಟ್ರೀಯ ಜನಗಣತಿಯಲ್ಲಿ ಎಲ್ಲರ ಜಾತಿಯನ್ನೂ ಎಣಿಸುವುದೆಂದು ಕೇಂದ್ರ ಸರ್ಕಾರವೂ ೨೦೨೫ರಲ್ಲಿಯೇ ತೀರ್ಮಾನಿಸಿತು. ೧೯೩೧ರ ತರುವಾಯ ಇಂಥ ಎಣಿಕೆ ಇದೇ ಮೊದಲು. ನ್ಯಾಯವಾಗಿ ಹಂಚಬೇಕಾದರೆ ಎಣಿಸಲೇಬೇಕು. ಅದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಎಣಿಕೆಗೆ ಮನೆಗಳು ಬೇಕು, ಒಂದೊಂದು ಮನೆಯಲ್ಲಿ ಒಂದೊಂದೇ ಉತ್ತರ ಕೂಡಬೇಕು. ಬೆರೆತ ಬಾಳು ಆ ಮನೆಗಳಲ್ಲಿ ಸುಲಭವಾಗಿ ಕೂಡುವುದಿಲ್ಲ.

ಅಂದು ಬಸ್ಸಿನಲ್ಲಿ ನನ್ನ ವಿದ್ಯಾರ್ಥಿ ಕೇಳಿದ ಪ್ರಶ್ನೆಯೂ ಇದೇ. ಸಮೀಕ್ಷೆಯವರು ಊರಿನ ಮನೆಗೆ ಬಂದಿದ್ದಾಗ ಅವನ ಅಪ್ಪ ಫೋನು ಮಾಡಿ ಕೇಳಿದ್ದರಂತೆ. “ಜಾತಿ ಸಿದ್ದಿ ಅಂತ ಬರೆಸಿದ್ವಿ ಸರ್, ಅದಕ್ಕೆ ತೊಂದರೆಯಿಲ್ಲ. ಮಾತೃಭಾಷೆ ಏನು ಬರೆಸೋದು ಅಂತ ಅಪ್ಪ ಕೇಳಿದ್ರು. ಅಪ್ಪ ಆಡೋದು ಕೊಂಕಣಿ. ಅವ್ವ ಹಳಿಯಾಳದ ಕಡೆಯ ಮುಸಲ್ಮಾನರ ಮನೆಯವಳು, ಅವಳಿಗೆ ಉರ್ದು. ನಾವು ಅಣ್ಣತಮ್ಮಂದಿರು ನಮ್ಮ ನಮ್ಮಲ್ಲಿ ಕನ್ನಡ. ಇನ್ನೊಂದು ಸಲ ಜನಗಣತಿಯವರು ಬರ್ತಾರಂತೆ. ಆಗ ಏನು ಬರೆಸಬೇಕು ಸರ್?”

ಕನ್ನಡದ ಅಧ್ಯಾಪಕನಾದ ನನ್ನ ನಾಲಗೆಯ ತುದಿಗೆ ಬಂದ ಉತ್ತರ ಯಾವುದೆಂದು ವಾಚಕರು ಊಹಿಸಬಲ್ಲರು. ಕನ್ನಡ ಎಂದು ಬರೆಸು ಎನ್ನಬೇಕೆನಿಸಿತು. ನಮ್ಮ ಭಾಷೆಯ ಸಂಖ್ಯೆಗೆ ನಾಲ್ಕು ತಲೆ ಕೂಡಲಿ ಎಂಬ ಲೋಭ ಯಾರನ್ನು ಬಿಟ್ಟಿದೆ? ಆದರೆ ಹಾಗೆ ಹೇಳಲು ಬಾಯಿ ಬರಲಿಲ್ಲ. ಹೇಳಿದ್ದರೆ, ನೀನು ಕನ್ನಡಿಗನಾಗಬೇಕಾದರೆ ನಿನ್ನ ತಾಯಿತಂದೆಯರ ಮಾತನ್ನು ಬಿಡಬೇಕು ಎಂದು ಕಟ್ಟುಹಾಕಿದಂತಾಗುತ್ತಿತ್ತು. ಇಂಥ ಕಟ್ಟನ್ನು ನಾವು ಬೇಂದ್ರೆಯವರಿಗೆ ಹಾಕಲಿಲ್ಲ. ಅವರ ಮನೆಮಾತು ಮರಾಠಿ. ಮಾಸ್ತಿಯವರಿಗೆ ಹಾಕಲಿಲ್ಲ, ಅವರದು ತಮಿಳು. ನಿಸಾರ್ ಅಹಮದರದು ಉರ್ದು, ಕಾರ್ನಾಡರದು ಕೊಂಕಣಿ. ಇವರನ್ನೆಲ್ಲ ಬಿಟ್ಟರೆ ಕಳೆದ ನೂರು ವರ್ಷದ ಕನ್ನಡ ಎಷ್ಟು ಬಡವಾಗುತ್ತದೆ ಎಂಬುದನ್ನು ಪಾಠ ಹೇಳುವ ನಾನು ಬಲ್ಲೆ. ಮನೆಮಾತು ಬೇರೆಯಾದವನು ಕನ್ನಡದ ದೊಡ್ಡ ಕವಿಯಾಗಬಹುದೆಂದು ಒಪ್ಪಿದ ಮೇಲೆ, ಮನೆಮಾತು ಬೇರೆಯಾದ ಹುಡುಗನೊಬ್ಬ ಬರಿಯ ಕನ್ನಡಿಗನಾಗಿರಬಹುದೆಂದು ಒಪ್ಪುವುದಕ್ಕೆ ಏನು ಅಡ್ಡಿ? ಕಣ್ಣಿಗೆ ಕಾಣುವ ಬಣ್ಣವೊಂದನ್ನು ಬಿಟ್ಟರೆ ಬೇರೆ ಅಡ್ಡಿ ನನಗೆ ಕಾಣುವುದಿಲ್ಲ.

ಇದನ್ನು ನಾನು ನನ್ನ ಮನೆತನದ ಅನುಭವದಿಂದಲೂ ಹೇಳಬಲ್ಲೆ. ನನ್ನ ಅಜ್ಜ ಹೊಳೆಯಾಚೆಯ ರಾಣೆಬೆನ್ನೂರು ಸೀಮೆಯವರು; ೧೯೫೬ಕ್ಕೆ ಮುಂಚೆ ತುಂಗಭದ್ರೆಯ ಆಚೆ ದಡ ಮುಂಬಯಿ ರಾಜ್ಯ, ಈಚೆ ದಡ ಮೈಸೂರು. ಹೊಟ್ಟೆಪಾಡಿಗಾಗಿ ಕೊಕ್ಕನೂರಿಗೆ ಬಂದ ಅಜ್ಜನನ್ನು ಊರವರು ಬಹುಕಾಲ ‘ಹೊಳೆಯಾಚೆಯವನು’ ಎಂದೇ ಕರೆದರಂತೆ. ನನ್ನ ತಂದೆಯ ಕಾಲಕ್ಕೆ ಆ ಹೆಸರು ಅಳಿಸಿಹೋಯಿತು. ನನ್ನನ್ನು ಇಂದು ಯಾರೂ ಎಲ್ಲಿಯವನೆಂದು ಕೇಳುವುದಿಲ್ಲ. ಎರಡು ತಲೆಮಾರಿನಲ್ಲಿ ನಾವು ಊರಿನವರಾದೆವು. ಎಂಟು ತಲೆಮಾರಾದರೂ ಸಿದ್ದಿಯ ಹುಡುಗ ಆಗಿಲ್ಲ. ನಮ್ಮ ಯೋಗ್ಯತೆ ಅವನ ಯೋಗ್ಯತೆಗಿಂತ ಹೆಚ್ಚಾದುದರಿಂದ ಹೀಗಾಯಿತೆ?

ನಾನು ಕೊನೆಗೆ ಅವನಿಗೆ ಹೇಳಿದ್ದು ಇಷ್ಟು: “ನಿಮ್ಮ ಮನೆಯಲ್ಲಿ ಯಾವುದು ನಿಜವೋ ಅದನ್ನೇ ಬರೆಸಪ್ಪ. ಹಿಂದಿನ ಜನಗಣತಿಗಳಲ್ಲಿ ತಾಯಿನುಡಿಯ ಜೊತೆಗೆ ಬಲ್ಲ ಬೇರೆ ಎರಡು ಭಾಷೆಗಳನ್ನೂ ಬರೆಸುವುದಕ್ಕೆ ಅವಕಾಶವಿತ್ತು. ಕನ್ನಡ ಅಲ್ಲಿ ಬಂದರೂ ಕನ್ನಡವೇ.” ಅವನು ತಲೆದೂಗಿದ. ಒಪ್ಪಿದನೋ, ಗುರುಗಳ ಮಾತೆಂದು ಸುಮ್ಮನಾದನೋ ತಿಳಿಯದು.

ಬಸ್ಸು ಭದ್ರಾ ನಾಲೆಯ ನೀರುಂಡ ಗದ್ದೆಗಳ ನಡುವೆ ಸಾಗಿತ್ತು. ಹಿಂದೆ ಬಿಟ್ಟುಬಂದ ಹರಿಹರ ನೆನಪಾಯಿತು. ೧೨೨೪ರಲ್ಲಿ ಪೊಲಾಳ್ವ ದಂಡನಾಥ ಕಟ್ಟಿಸಿದ ಗುಡಿಯಲ್ಲಿ ಒಂದೇ ಮೂರ್ತಿಯ ಅರ್ಧ ಹರಿ, ಅರ್ಧ ಹರ. ಆದರೆ ಆ ದೇವರನ್ನು ಯಾವ ಭಕ್ತನೂ ಅರ್ಧ ದೇವರೆಂದು ಎಣಿಸಿ ಅರ್ಧ ಕೈ ಮುಗಿದದ್ದಿಲ್ಲ.

ಮನೆಯಲ್ಲಿ ನನ್ನ ತಾಯಿ ಪಡಸಾಲೆಯಲ್ಲಿ ಕುಳಿತಿದ್ದರು. ಎಂಬತ್ತು ದಾಟಿದವರು, ಕಣ್ಣು ಮಂದ. ನೀರು ಕೊಟ್ಟು, ನಮ್ಮ ಸೀಮೆಯ ಮುದುಕಿಯರು ಯಾರನ್ನೇ ಆದರೂ ಕೇಳುವ ಪ್ರಶ್ನೆಯನ್ನೇ ಕೇಳಿದರು: “ಯಾರ ಪೈಕಿ ತಮ್ಮಾ ನೀನು?”

“ಸಿದ್ದಿಯರ ಪೈಕಿ ಅಜ್ಜಿ.”

“ಸಿದ್ದಪ್ಪನ ಒಕ್ಕಲೇನಪ್ಪಾ?”

ಹುಡುಗ ನಕ್ಕು, ಅಲ್ಲವೆಂದು ತನ್ನ ಮನೆಯ ಕಥೆಯನ್ನೆಲ್ಲ ಹೇಳಿದ: ಅಪ್ಪನದು ದೀಪಾವಳಿ, ಅವ್ವನ ತವರಿನಲ್ಲಿ ರಂಜಾನು, ಕ್ರೈಸ್ತರ ಮನೆಗೆ ಕೊಟ್ಟ ಸೋದರತ್ತೆಯ ಮನೆಯಲ್ಲಿ ಕ್ರಿಸ್ಮಸ್ಸು. ತಾಯಿ ಎಲ್ಲವನ್ನೂ ಕೇಳಿ, “ಹಂಗಾರೆ ನಿಮ್ಮನ್ಯಾಗ ಹಬ್ಬ ಮುಗಿಯಾದೇ ಇಲ್ಲ ಬಿಡು” ಎಂದು, ಒಳಗೆ ತಿರುಗಿ, ಹುಡುಗ ಹಸಿದಾನೆ, ಎಲೆ ಹಾಕ್ರಿ ಎಂದು ಕೂಗಿದರು.

‘ಯಾರ ಪೈಕಿ’ ಎಂಬ ಪ್ರಶ್ನೆಯ ಹಿಂದೆ ಜಾತಿಯ ವಿಚಾರಣೆ ಅಡಗಿದೆಯೆಂಬುದನ್ನು ನಾನು ಅರಿಯದವನಲ್ಲ. ಆ ಪ್ರಶ್ನೆಯಿಂದ ಅವಮಾನಪಟ್ಟವರು ನಮ್ಮ ಹಳ್ಳಿಗಳಲ್ಲಿ ಎಷ್ಟೋ ಮಂದಿ. ಆದರೂ ‘ಯಾವ ದೇಶ’ ಎಂಬುದಕ್ಕೂ ಅದಕ್ಕೂ ಒಂದು ಅಂತರವುಂಟು. ‘ಯಾವ ದೇಶ’ ಎಂದು ಕೇಳುವವನು, ನೀನು ಇಲ್ಲಿಯವನಲ್ಲವೆಂದು ಮೊದಲೇ ತೀರ್ಮಾನಿಸಿರುತ್ತಾನೆ. ‘ಯಾರ ಪೈಕಿ’ ಎನ್ನುವವರು, ನಮ್ಮೊಳಗೆ ಯಾವುದೋ ಒಂದು ಪೈಕಿ ನೀನಿದ್ದೀಯೆ, ಯಾವುದೆಂದು ತಿಳಿಯಲಿಲ್ಲ ಎನ್ನುತ್ತಾರೆ.

ಸಂಜೆ ಹುಡುಗನನ್ನು ಹಿಂದಿನ ಬಸ್ಸಿಗೆ ಹತ್ತಿಸಲು ಹೋದೆ. ಬೆಳಗಿನ ಕಂಡಕ್ಟರೇ ಬಂದರು. ಅವನನ್ನು ನೋಡಿ ಗುರುತು ಹಿಡಿದು, “ಏನ್ ಯಲ್ಲಾಪುರ, ಊಟ ಆಯ್ತಾ?” ಎಂದು ಕೇಳಿ ಟಿಕೆಟ್ ಹರಿದುಕೊಟ್ಟರು.